ಪರಿಹಾರ ಕೊಡ್ತೀವಿ ಅಂತ ಬ್ಯಾಂಕಿನಿಂದ ಕಾಗದ ಬಂತಾ? ಸಹಿ ಹಾಕುವ ಮೊದಲು ಈ ಲೆಕ್ಕ ಮಾಡಿ

ಮಂಡ್ಯದಿಂದ ದೊಡ್ಡಪ್ಪ ಫೋನ್ ಮಾಡಿದಾಗ ನಾನು ಕುವೆಂಪುನಗರದ ಮನೆಯಲ್ಲಿ ಊಟಕ್ಕೆ ಕೂತಿದ್ದೆ. "ಬ್ಯಾಂಕಿಂದ ಲೆಟರ್ ಬಂದದೆ ಕಣಪ್ಪ. ಒಂದು ಲಕ್ಷದ ತೊಂಬತ್ತೈದು ಸಾವಿರ ಕೊಡ್ತಾರಂತೆ. ಬಂದಷ್ಟು ಬರಲಿ ಅಂತ ಸಹಿ ಹಾಕ್ಬುಡ್ಲಾ?"

ಅವರು ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. 2022ರ ಜೂನ್‌ನಲ್ಲಿ 5 ಲಕ್ಷದ ಎಫ್‌ಡಿ ಮುಗಿದಿತ್ತು. ರಿನ್ಯೂ ಮಾಡಿಸಲು ಹೋದರೆ, ಕೌಂಟರ್ ಪಕ್ಕದಲ್ಲಿ ಮೇಜು ಹಾಕಿಕೊಂಡಿದ್ದ ಹುಡುಗ "ಮೇಷ್ಟ್ರೇ, ಇದೂ ಎಫ್‌ಡಿ ಥರಾನೇ, ಬಡ್ಡಿ ಜಾಸ್ತಿ ಅಷ್ಟೆ" ಎಂದು ಒಂದು ಲಕ್ಷಕ್ಕೆ ಬೇರೆ ಫಾರಂ ತುಂಬಿಸಿದ. ಅದು ಹತ್ತು ವರ್ಷ ಕಂತು ಕಟ್ಟುವ ಜೀವವಿಮೆ. 2023ರ ಜೂನ್, 2024ರ ಜೂನ್, ಖಾತೆಯಿಂದ ತಾನಾಗೇ ಒಂದೊಂದು ಲಕ್ಷ ಹೋಯಿತು. ಎಫ್‌ಡಿಗೆ ಜಮಾ ಆಗ್ತಿದೆ ಅಂದುಕೊಂಡು ಇವರು ಸುಮ್ಮನಿದ್ದರು. ಡಿಸೆಂಬರಿನಲ್ಲಿ ಗದ್ದೆ ಬೋರ್‌ವೆಲ್ ಮೋಟರ್ ಸುಟ್ಟುಹೋಯಿತು. ದುಡ್ಡು ತೆಗೆಯೋಣ ಅಂತ ಹೋದಾಗ "ಇದು ಪಾಲಿಸಿ ಸಾರ್, ಈಗ ಮುರಿದರೆ ಮೂರರಲ್ಲಿ ಒಂದು ಪಾಲು ಬರುತ್ತೆ" ಎಂದರು. ದೂರು ಕೊಟ್ಟೆವು. ಮೂರು ತಿಂಗಳಾದ ಮೇಲೆ ಬಂದದ್ದು ಈ ಕಾಗದ.

ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅನ್ನೋ ಗಾದೆ ಇಂಥವರಿಗೇ ಹೇಳಿದ್ದು. ಕೋಡಂಗಿ ಆದವನಿಗೆ ಅರ್ಧ ದುಡ್ಡು ವಾಪಸ್ ಬರುತ್ತೆ ಅಂದರೂ ಹಬ್ಬ ಅನ್ನಿಸುತ್ತೆ. ಬ್ಯಾಂಕಿನವರಿಗೂ ಅದು ಗೊತ್ತು. ಹಾಗಾಗಿ ಇಂಥ ಕಾಗದ ನಿಮ್ಮ ಕೈಗೂ ಬಂದಿದ್ದರೆ, ಒಪ್ಪೋದಾ ಬಿಡೋದಾ ಅಂತ ತೀರ್ಮಾನ ಮಾಡೋದು ಹೇಗೆ ಅನ್ನೋದನ್ನು ನಾವು ಮಾಡಿದ ರೀತಿಯಲ್ಲೇ, ನಾವು ಮಾಡಿದ ತಪ್ಪನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು, ಅವತ್ತೇ ಸಹಿ ಹಾಕಬೇಡಿ

"ಇವತ್ತೇ ಸಹಿ ಮಾಡಿದರೆ ಸೋಮವಾರ ಕ್ರೆಡಿಟ್" ಅಂತಾರೆ. ಪರವಾಗಿಲ್ಲ, ಮುಂದಿನ ಸೋಮವಾರವೂ ಕ್ರೆಡಿಟ್ ಆಗುತ್ತೆ. ಫೋನಿನಲ್ಲಿ, ಕ್ಯಾಬಿನ್ನಿನಲ್ಲಿ, ಕಾಫಿ ಕೊಟ್ಟು ಹೇಳಿದ ಮೊತ್ತ ಲೆಕ್ಕಕ್ಕಿಲ್ಲ. ಕಾಗದದಲ್ಲೋ ಇಮೇಲ್‌ನಲ್ಲೋ ಕೊಡಿ ಅಂತ ಕೇಳಿ. ಓದಿ ಉತ್ತರ ಕೊಡಲು ಹದಿನೈದು ದಿನ ಬೇಕು ಅಂತ ನೀವೂ ಬರೆದು ಕೊಡಿ. ಅದರ ಜೆರಾಕ್ಸ್ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿ ಕೊಟ್ಟರೇ ತಗೊಳ್ಳೋದು ಅನ್ನುವ ನಿಯಮ ಯಾವುದೂ ಇಲ್ಲ. ಗ್ರಾಹಕರಿಗೆ ಕೊಡುವ ಫಾರಂಗಳು ಪ್ರಾದೇಶಿಕ ಭಾಷೆಯಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ಹೇಳಿದೆ.

ಇಲ್ಲೇ ಇನ್ನೊಂದು ವಿಷಯ ನೋಡಿಬಿಡಿ. ಪಾಲಿಸಿ ಬಾಂಡು ನಿಮ್ಮ ಕೈಗೆ ಬಂದು ಇನ್ನೂ 30 ದಿನ ಆಗಿಲ್ಲವಾ? ಹಾಗಾದರೆ ಈ ಚೌಕಾಸಿಯೇ ಬೇಡ. ಅದನ್ನು ಫ್ರೀ ಲುಕ್ ಅವಧಿ ಅಂತಾರೆ. ಮೊದಲು 15 ದಿನ ಇತ್ತು, ಆನ್‌ಲೈನ್ ಪಾಲಿಸಿಗೆ 30. 2024ರ ಏಪ್ರಿಲ್‌ನಿಂದ ಎಲ್ಲದಕ್ಕೂ 30 ದಿನ. ಅಷ್ಟರೊಳಗೆ ಬೇಡ ಅಂತ ಬರೆದು ಕೊಟ್ಟರೆ ಸ್ಟಾಂಪ್ ಖರ್ಚು, ಮೆಡಿಕಲ್ ಟೆಸ್ಟ್ ಆಗಿದ್ದರೆ ಅದರ ಖರ್ಚು, ಅಷ್ಟು ದಿನದ ವಿಮೆಯ ಪಾಲು ಇಷ್ಟನ್ನು ಹಿಡಿದುಕೊಂಡು ಉಳಿದದ್ದು ವಾಪಸ್ ಕೊಡಲೇಬೇಕು. ಬಾಂಡು ಬಂದೇ ಇಲ್ಲ ಅನ್ನುವವರು ಯಾವ ತಾರೀಕು, ಯಾರ ಕೈಗೆ ಕೊಟ್ಟಿದ್ದೀರಿ ಅಂತ ಡೆಲಿವರಿ ಪುರಾವೆ ಕೇಳಿ. ದೊಡ್ಡಪ್ಪನ ಬಾಂಡು ಹೋಗಿದ್ದು ಒಂದು ಇಮೇಲ್ ವಿಳಾಸಕ್ಕೆ. ಅವರಿಗೆ ಇಮೇಲೇ ಇಲ್ಲ.

ಕಾಗದದಲ್ಲಿ ನಿಜವಾಗಿ ಏನಿದೆ?

ಮೂರು ಸಲ ಓದಿ. ಕಾಗದ ಯಾರದು? ಬ್ಯಾಂಕಿನದಾ, ವಿಮಾ ಕಂಪನಿಯದಾ? ಬ್ಯಾಂಕು ಇಲ್ಲಿ ಏಜೆಂಟ್. ನಿಮ್ಮ ದುಡ್ಡು ಇರುವುದು ವಿಮಾ ಕಂಪನಿಯ ಹತ್ತಿರ. ಬ್ಯಾಂಕಿನ ಮ್ಯಾನೇಜರ್ "ಕೊಡಿಸ್ತೀನಿ" ಅಂದರೆ ಕೊಡಬೇಕಾದವರು ಬೇರೆಯವರು ಅಂತ ಅರ್ಥ. ಅವರ ಒಪ್ಪಿಗೆ ಕಾಗದದಲ್ಲಿ ಇರಬೇಕು.

ಆಮೇಲೆ ಮೊತ್ತ. ದೊಡ್ಡಪ್ಪನ ಕಾಗದದಲ್ಲಿ ದಪ್ಪ ಅಕ್ಷರದಲ್ಲಿ 1,95,000 ಇತ್ತು. ಎರಡನೇ ಪುಟದಲ್ಲಿ ಸಣ್ಣದಾಗಿ, "ಸರೆಂಡರ್ ಮೊತ್ತ 1,05,000 ಸೇರಿ" ಎಂದಿತ್ತು. ಅಲ್ಲೇ ಇರೋದು ಕಿತಾಪತಿ. ಪಾಲಿಸಿ ಮುರಿದರೆ ಯಾವ ದೂರೂ ಇಲ್ಲದೆ, ಯಾರ ಕಾಲೂ ಹಿಡಿಯದೆ ಬರುವ ದುಡ್ಡೇ ಸರೆಂಡರ್ ಮೊತ್ತ. ಅದು ಮೊದಲೇ ದೊಡ್ಡಪ್ಪನದು. ಅವರ ದುಡ್ಡನ್ನೇ ತಟ್ಟೆಯಲ್ಲಿಟ್ಟು ಪರಿಹಾರ ಅಂತ ಕೊಡುತ್ತಿದ್ದರು. ಕಳೆದು ನೋಡಿದರೆ ನಿಜವಾದ ಪರಿಹಾರ 90,000 ಮಾತ್ರ.

ಆ ವರ್ಷ ಕೊಂಡ ಮಾಮೂಲಿ ಪಾಲಿಸಿಗಳಲ್ಲಿ ಕನಿಷ್ಠ ಸರೆಂಡರ್ ಮೊತ್ತ ಹೀಗಿತ್ತು: ಎರಡನೇ ವರ್ಷದಲ್ಲಿ ಮುರಿದರೆ ಕಟ್ಟಿದ್ದರ 30%, ಮೂರನೇ ವರ್ಷದಲ್ಲಿ 35%, ನಾಲ್ಕರಿಂದ ಏಳನೇ ವರ್ಷದವರೆಗೆ 50%. 2024ರ ಅಕ್ಟೋಬರ್‌ನಿಂದ ಬಂದ ಹೊಸ ಪಾಲಿಸಿಗಳಿಗೆ ನಿಯಮ ಸ್ವಲ್ಪ ಸಡಿಲ ಆಗಿದೆ. ಒಂದು ವರ್ಷದ ಕಂತು ಪೂರ್ತಿ ಕಟ್ಟಿದ್ದರೂ ಏನೋ ಒಂದಿಷ್ಟು ಬರುತ್ತದೆ. ನಿಮ್ಮದು ಎಷ್ಟು ಅಂತ ವಿಮಾ ಕಂಪನಿಗೆ ಬರೆದು ಕೇಳಿ, ಇವತ್ತಿನ ತಾರೀಕಿಗೆ ಲೆಕ್ಕ ತರಿಸಿಕೊಳ್ಳಿ. ಆ ಅಂಕಿ ಕೈಯಲ್ಲಿ ಇಲ್ಲದೆ ಯಾವ ಆಫರ್ ಬಗ್ಗೆಯೂ ಮಾತಾಡೋಕೆ ಹೋಗಬೇಡಿ.

ಯುಲಿಪ್, ಅಂದರೆ ವಿಮೆಯ ಜೊತೆ ದುಡ್ಡನ್ನು ಮಾರುಕಟ್ಟೆ ಫಂಡಿಗೂ ಹಾಕುವ ಪಾಲಿಸಿ, ಆಗಿದ್ದರೆ ಬೇರೆ ಕಥೆ. ಐದು ವರ್ಷ ದುಡ್ಡು ಬೀಗ ಹಾಕಿದ ಹಾಗೆ. ಮಧ್ಯೆ ನಿಲ್ಲಿಸಿದರೂ ಐದು ವರ್ಷ ತುಂಬಿದ ಮೇಲೇ ಕೈಗೆ. "ಈಗಲೇ ಫಂಡ್ ಮೊತ್ತ ಕೊಡ್ತೀವಿ" ಅಂತ ಯಾರಾದರೂ ಹೇಳಿದರೆ ಯಾವ ನಿಯಮದಲ್ಲಿ ಅಂತ ಕೇಳಿ.

ಒಂದು ಹಾಳೆ, ಮೂರು ಅಂಕಿ

ಇದಕ್ಕೆ ಕಂಪ್ಯೂಟರ್ ಬೇಡ. ಪಾಸ್‌ಬುಕ್, ಒಂದು ಹಾಳೆ, ಒಂದು ಪೆನ್ನು ಸಾಕು.

ಮೊದಲನೇ ಅಂಕಿ, ಈಗಾಗಲೇ ನಿಮ್ಮದಾಗಿರುವುದು. ಅಂದರೆ ಸರೆಂಡರ್ ಮೊತ್ತ. ದೊಡ್ಡಪ್ಪನಿಗೆ 1,05,000.

ಎರಡನೇ ಅಂಕಿ, ಈ ಪಾಲಿಸಿಯನ್ನು ಯಾರೂ ನಿಮಗೆ ಮಾರದೇ ಇದ್ದಿದ್ದರೆ ಇವತ್ತು ಕೈಯಲ್ಲಿ ಎಷ್ಟು ಇರುತ್ತಿತ್ತು ಅನ್ನೋದು. ದೊಡ್ಡಪ್ಪ ಹೋಗಿದ್ದು ಎಫ್‌ಡಿ ಮಾಡಿಸಲು. ಹಾಗಾಗಿ ಎಫ್‌ಡಿ ಬಡ್ಡಿಯೇ ಅಳತೆ. ಸುಲಭಕ್ಕೆ 6% ಸರಳ ಬಡ್ಡಿ ಹಿಡಿದೆವು. ಮೊದಲ ಲಕ್ಷಕ್ಕೆ ಮೂರು ವರ್ಷದ್ದು 18,000. ಎರಡನೆಯದಕ್ಕೆ ಎರಡು ವರ್ಷದ್ದು 12,000. ಮೂರನೆಯದಕ್ಕೆ 6,000. ಒಟ್ಟು ಬಡ್ಡಿ 36,000. ಅಸಲು ಸೇರಿ 3,36,000.

ಮೂರನೇ ಅಂಕಿ, ಅವರು ಕೊಡ್ತೀನಿ ಅನ್ನುವುದು. 1,95,000.

ಈಗ ನೋಡಿ. 3,36,000ದಲ್ಲಿ 1,05,000 ಕಳೆದರೆ 2,31,000. ಅದು ಅವರಿಂದ ಆದ ನಷ್ಟ. ಅದಕ್ಕೆ ಅವರು ಕೊಡ್ತಿರೋದು 90,000. ನೂರು ರೂಪಾಯಿ ನಷ್ಟಕ್ಕೆ 39 ರೂಪಾಯಿ. "ಮೂರು ಲಕ್ಷಕ್ಕೆ ಎರಡು ಲಕ್ಷ ಬರ್ತದೆ" ಅಂತ ಖುಷಿಯಾಗಿದ್ದ ದೊಡ್ಡಪ್ಪ ಈ ಹಾಳೆ ನೋಡಿ ಸುಮ್ಮನಾದರು. ಮೇಷ್ಟ್ರಲ್ವಾ, ಕೆಂಪು ಪೆನ್ನಿನಲ್ಲಿ 39ರ ಸುತ್ತ ಒಂದು ಸುತ್ತು ಹಾಕಿ, ಪಕ್ಕದಲ್ಲಿ "ಪಾಸ್‌ಗೆ ಸಾಲದು" ಅಂತ ಬರೆದರು.

ಬ್ಯಾಂಕಿನವರು ಇಲ್ಲೊಂದು ವಾದ ತೆಗೀತಾರೆ. "ಮೂರು ವರ್ಷ ವಿಮೆಯ ರಕ್ಷಣೆ ಇತ್ತಲ್ಲಾ ಸಾರ್, ಏನಾದರೂ ಆಗಿದ್ದರೆ ಮನೆಯವರಿಗೆ ಹತ್ತು ಲಕ್ಷ ಬರ್ತಿತ್ತು." ಪೂರ್ತಿ ಸುಳ್ಳಲ್ಲ. ಆದರೆ ಕೇಳದೇ ಇದ್ದದ್ದನ್ನು ಬಡಿಸಿ ಬಿಲ್ಲು ಹಾಕಿದರೆ ಹೇಗೆ? ಚೌಕಾಸಿಯಲ್ಲಿ ಇದಕ್ಕೆ ಅಂತ ಒಂದಿಷ್ಟು ಬಿಟ್ಟುಕೊಡಲು ಮನಸ್ಸಿನಲ್ಲಿ ಜಾಗ ಇಟ್ಟುಕೊಳ್ಳಿ, ಬಾಯಿ ಬಿಟ್ಟು ಹೇಳಬೇಡಿ.

ಸಾಲದ ಜೊತೆ ಅಂಟಿಸಿದ ವಿಮೆ ಆಗಿದ್ದರೆ ಲೆಕ್ಕ ಇನ್ನೂ ಸೂಕ್ಷ್ಮ. ನಮ್ಮ ಬೀದಿಯಲ್ಲೇ ಒಬ್ಬರಿಗೆ ಮನೆ ಸಾಲ ಕೊಡುವಾಗ 80,000 ರೂಪಾಯಿಯ ಒಂದೇ ಕಂತಿನ ವಿಮೆ ಮಾಡಿಸಿ, ಆ 80,000ವನ್ನೂ ಸಾಲಕ್ಕೇ ಸೇರಿಸಿದ್ದರು. 9% ಬಡ್ಡಿ, 15 ವರ್ಷ. ಆ ವಿಮೆಯೊಂದರ ಪಾಲಿಗೇ ತಿಂಗಳಿಗೆ ಸುಮಾರು 811 ರೂಪಾಯಿ ಇಎಂಐ. ನಾಲ್ಕು ವರ್ಷ ಆದ ಮೇಲೆ "ತಪ್ಪಾಗಿದೆ, 80,000 ಪೂರ್ತಿ ವಾಪಸ್" ಅಂದರು. ಕೇಳಲು ನ್ಯಾಯ ಅನ್ನಿಸುತ್ತೆ ಅಲ್ವಾ? ಆದರೆ ಆ ನಾಲ್ಕು ವರ್ಷದಲ್ಲಿ ಇವರು ಅದಕ್ಕೆ ಕಟ್ಟಿದ್ದು 38,900ಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಬಡ್ಡಿಗೇ ಹೋದದ್ದು ಸುಮಾರು 26,800. ಅಸಲು ಕೊಟ್ಟು ಬಡ್ಡಿ ನುಂಗಿದರೆ ಅದು ಪೂರ್ತಿ ವಾಪಸ್ ಹೇಗಾಗುತ್ತೆ? ಇಂಥವರು ಸಾಲದ ಸ್ಟೇಟ್‌ಮೆಂಟ್ ತರಿಸಿ, ವಿಮೆ ಇಲ್ಲದಿದ್ದರೆ ಇಎಂಐ ಎಷ್ಟಿರುತ್ತಿತ್ತು ಅಂತ ಬ್ಯಾಂಕಿನಿಂದಲೇ ಬರೆಸಿಕೊಳ್ಳಬೇಕು.

ಇದು ನಾನು ಕಟ್ಟಿದ ಹೊಸ ನ್ಯಾಯ ಏನಲ್ಲ. ಬ್ರಿಟನ್ನಿನಲ್ಲಿ ಸಾಲದ ಜೊತೆ ಪಿಪಿಐ ಅನ್ನೋ ವಿಮೆಯನ್ನು ಹೀಗೇ ಅಂಟಿಸಿದ್ದ ಬ್ಯಾಂಕುಗಳು ಆಮೇಲೆ ಒಟ್ಟು 38 ಬಿಲಿಯನ್ ಪೌಂಡಿಗಿಂತ ಜಾಸ್ತಿ ವಾಪಸ್ ಕೊಡಬೇಕಾಯಿತು. ಅಲ್ಲಿನ ರೂಢಿಯ ಲೆಕ್ಕ: ಕಟ್ಟಿದ ಪ್ರೀಮಿಯಂ, ಅದರ ಮೇಲೆ ಬಿದ್ದ ಸಾಲದ ಬಡ್ಡಿ, ಇವೆರಡರ ಮೇಲೆ ವರ್ಷಕ್ಕೆ 8% ಸರಳ ಬಡ್ಡಿ. ದೂರು ಕೊಡಲು 2019ರ ಆಗಸ್ಟ್ 29 ಕೊನೆಯ ದಿನವಾಗಿತ್ತು. ಆ 8% ನಮ್ಮಲ್ಲಿ ಕಾನೂನಲ್ಲ. ಆದರೆ ಮಾರುವ ಮೊದಲು ಇದ್ದ ಜಾಗಕ್ಕೇ ಗಿರಾಕಿಯನ್ನು ತಂದು ನಿಲ್ಲಿಸಬೇಕು ಅನ್ನೋ ಲೆಕ್ಕಾಚಾರ ಅಲ್ಲಿಗೂ ಇಲ್ಲಿಗೂ ಒಂದೇ.

ನಿಮ್ಮ ಕೈ ಎಷ್ಟು ಗಟ್ಟಿ?

ನಷ್ಟ ಎಷ್ಟೇ ಇರಲಿ, ತೋರಿಸಲು ಆಗದಿದ್ದರೆ ಆಫರ್ ಬಿಡೋದು ಜೂಜು. ಆದ್ದರಿಂದ ಹೆಚ್ಚು ಹೊತ್ತು ಕೊಡಬೇಕಾದ್ದು ಈ ಹಂತಕ್ಕೆ.

ಪ್ರಪೋಸಲ್ ಫಾರಂ, ಅಂದರೆ ಪಾಲಿಸಿ ಬೇಕು ಅಂತ ನೀವು ಸಹಿ ಮಾಡಿಕೊಟ್ಟ ಅರ್ಜಿ, ತರಿಸಿ. ಅದರ ಪ್ರತಿ ನಿಮಗೆ ಕೊಡಬೇಕಾದ್ದೇ. ಬಂದ ಮೇಲೆ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ. ವರ್ಷದ ಆದಾಯ ಎಷ್ಟು ಬರೆದಿದ್ದಾರೆ? ಕಸುಬು ಏನಂತ ಹಾಕಿದ್ದಾರೆ? ಮೊಬೈಲ್ ನಂಬರ್ ನಿಮ್ಮದಾ, ಬ್ಯಾಂಕಿನ ಹುಡುಗನದಾ? ದೊಡ್ಡಪ್ಪನ ಫಾರಂನಲ್ಲಿ ಕಸುಬು "ವ್ಯಾಪಾರ" ಎಂದಿತ್ತು, ಆದಾಯ ಪೆನ್ಷನ್ನಿನ ಎರಡರಷ್ಟು ಇತ್ತು. ನಲವತ್ತು ವರ್ಷ ಸೀಮೆಸುಣ್ಣ ಹಿಡಿದವರು ಯಾವ ವ್ಯಾಪಾರ ಮಾಡಿದರೋ ಅವರಿಗೇ ಗೊತ್ತಿಲ್ಲ.

ಅದಕ್ಕಿಂತ ಗಟ್ಟಿಯಾದದ್ದು ಕೊನೆಯ ಪುಟದಲ್ಲಿ ಸಿಕ್ಕಿತು. ಗಿರಾಕಿ ಇಂಗ್ಲಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಸಹಿ ಮಾಡಿದ್ದರೆ, "ಈ ಫಾರಂನಲ್ಲಿ ಇರುವುದನ್ನು ಅವರ ಭಾಷೆಯಲ್ಲಿ ಓದಿ ವಿವರಿಸಿದ್ದೇನೆ" ಅಂತ ಒಬ್ಬರು ಹೆಸರು, ವಿಳಾಸ ಬರೆದು ಸಹಿ ಮಾಡುವ ಜಾಗ ಇರುತ್ತೆ. ದೊಡ್ಡಪ್ಪ ಜೀವಮಾನವಿಡೀ ಕನ್ನಡದಲ್ಲಿ ಸಹಿ ಮಾಡಿದವರು. ಆ ಫಾರಂನಲ್ಲೂ ಗುಂಡಾದ ಕನ್ನಡ ಸಹಿ. ಕೆಳಗಿನ ಆ ಜಾಗ ಮಾತ್ರ ಖಾಲಿ. ಯಾರೂ ವಿವರಿಸಿಲ್ಲ ಅನ್ನೋದಕ್ಕೆ ಅವರ ಕಾಗದವೇ ಸಾಕ್ಷಿ ಆಯಿತು. ನೀವು ಕನ್ನಡದಲ್ಲಿ ಸಹಿ ಮಾಡುವವರಾದರೆ ಮೊದಲು ನೋಡಬೇಕಾದ ಜಾಗ ಇದೇ.

ಇನ್ನೊಂದು, ಪಾಲಿಸಿ ಕೊಡುವ ಮೊದಲು ಕಂಪನಿಯಿಂದ ಬರುವ ವೆರಿಫಿಕೇಶನ್ ಕಾಲ್. ಅದು ರೆಕಾರ್ಡ್ ಆಗಿರುತ್ತೆ. ಪ್ರತಿ ಕೇಳಿ. "ಫೋನ್ ಬರುತ್ತೆ, ಎಲ್ಲದಕ್ಕೂ ಹೂಂ ಅನ್ನಿ" ಅಂತ ಬ್ಯಾಂಕಿನವರು ಮೊದಲೇ ಹೇಳಿಕೊಟ್ಟಿರುತ್ತಾರೆ. ನೀವು ಹೂಂ ಅಂದಿದ್ದರೆ ಅದು ನಿಮ್ಮ ವಿರುದ್ಧ ನಿಲ್ಲುತ್ತೆ, ಅದನ್ನು ಒಪ್ಪಿಕೊಂಡೇ ಲೆಕ್ಕ ಹಾಕಿ. ಕಾಲ್ ಬೇರೆ ನಂಬರಿಗೆ ಹೋಗಿದ್ದರೆ ಅಥವಾ ಹಿಂದಿಯಲ್ಲಿ ಮಾತಾಡಿ ಮುಗಿಸಿದ್ದರೆ ನಿಮ್ಮ ಕೈ ಮೇಲು.

ಪಾಸ್‌ಬುಕ್ಕೂ ಮಾತಾಡುತ್ತೆ. ಎಫ್‌ಡಿ ಮುಗಿದ ದಿನ, ಪಾಲಿಸಿಗೆ ದುಡ್ಡು ಹೋದ ದಿನ ಒಂದೇ ಆಗಿದ್ದರೆ ಏನು ನಡೆದಿರಬಹುದು ಅಂತ ಯಾರಿಗಾದರೂ ಗೊತ್ತಾಗುತ್ತೆ. ಎಪ್ಪತ್ತು ದಾಟಿದವರಿಗೆ ಹತ್ತು ವರ್ಷದ ಕಂತು, 20,000 ಪೆನ್ಷನ್ ಇರುವವರಿಗೆ ವರ್ಷಕ್ಕೆ ಲಕ್ಷದ ಪ್ರೀಮಿಯಂ, ಇಂಥವು ಬೇರೆ ಪುರಾವೆ ಇಲ್ಲದಿದ್ದರೂ ತಕ್ಕಡಿಯನ್ನು ನಿಮ್ಮ ಕಡೆ ಎಳೆಯುತ್ತವೆ. "ಪಾಲಿಸಿ ತಗೊಂಡ್ರೆ ಸಾಲ ಪಾಸ್" ಅಂತ ವಾಟ್ಸಾಪ್ ಮೆಸೇಜ್ ಇದ್ದರಂತೂ ಚಿನ್ನ. ಅಳಿಸಬೇಡಿ.

ಕೈ ಸಡಿಲ ಅಂತ ಯಾವಾಗ ಅನ್ನಬೇಕು? ಲಾಭ-ನಷ್ಟದ ಪಟ್ಟಿ ಇರುವ ಇಲಸ್ಟ್ರೇಶನ್ ಹಾಳೆಯ ಮೇಲೂ ನಿಮ್ಮ ಸಹಿ ಇದೆ, ಬಾಂಡು ಮನೆಗೆ ಬಂದಿದೆ, ನೀವು ಓದು ಬರಹ ಬಲ್ಲವರು, ಐದು ವರ್ಷ ಕಂತು ಕಟ್ಟಿ ಆಮೇಲೆ ದೂರು ಕೊಟ್ಟಿದ್ದೀರಿ. ಇಷ್ಟೂ ಇದ್ದರೆ ಸರೆಂಡರ್ ಮೊತ್ತಕ್ಕಿಂತ ಚೆನ್ನಾಗಿ ಜಾಸ್ತಿ ಇರುವ ಆಫರನ್ನು ನಾನಾದರೆ ಬಿಡುವುದಿಲ್ಲ.

ಒಪ್ಪದಿದ್ದರೆ ಮುಂದೆ ಎಲ್ಲಿಗೆ?

ಇದು ಗೊತ್ತಿಲ್ಲದೆ ಜನ ಹೆದರಿ ಸಹಿ ಹಾಕ್ತಾರೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನೋ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಇಲ್ಲಿ ಮೊದಲೆರಡು ಬಾಗಿಲು ಕೋರ್ಟೂ ಅಲ್ಲ, ದುಡ್ಡೂ ಕೇಳಲ್ಲ.

ವಿಮಾ ಓಂಬಡ್ಸ್‌ಮನ್. ವಿಮೆಯ ದೂರು ಕೇಳಿ ತೀರ್ಪು ಕೊಡುವ ಅಧಿಕಾರಿ ಇವರು. ಕಂಪನಿಗೆ ದೂರು ಕೊಟ್ಟು ಒಂದು ತಿಂಗಳಾದರೂ ಉತ್ತರ ಇಲ್ಲ, ಅಥವಾ ಉತ್ತರ ನಿಮಗೆ ಒಪ್ಪಿಗೆ ಇಲ್ಲ ಅಂದರೆ ಇಲ್ಲಿಗೆ ಹೋಗಬಹುದು. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಅಲ್ಲಿಗೆ ಹೋಗಲೇಬೇಕು ಅಂತಿಲ್ಲ. ದೂರು ಆನ್‌ಲೈನ್‌ನಲ್ಲಿ ಕೊಡಬಹುದು, ವಿಚಾರಣೆ ವಿಡಿಯೊದಲ್ಲೂ ನಡೆಯುತ್ತೆ. ಶುಲ್ಕ ಇಲ್ಲ. ವಕೀಲರಿಗೆ ಪ್ರವೇಶವೇ ಇಲ್ಲ, ನೀವೇ ಮಾತಾಡಬೇಕು. 50 ಲಕ್ಷದವರೆಗಿನ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಏಜೆಂಟ್ ಮಾಡಿದ ತಪ್ಪನ್ನೂ ಇಲ್ಲಿ ಎತ್ತಬಹುದು. ತೀರ್ಪು ಬಂದರೆ ಕಂಪನಿ ಅದನ್ನು 30 ದಿನದಲ್ಲಿ ಪಾಲಿಸಬೇಕು. ನಿಮಗೆ ಇಷ್ಟ ಆಗದಿದ್ದರೆ ಮಾತ್ರ ನೀವು ಮುಂದೆ ಹೋಗಬಹುದು. ಇಂಥ ಏಕಪಕ್ಷೀಯ ಅನುಕೂಲ ಬೇರೆಲ್ಲೂ ನಾನು ಕಂಡಿಲ್ಲ. ಆದರೆ ತಾರೀಕು ನೆನಪಿರಲಿ, ಕಂಪನಿಯ ಉತ್ತರ ಬಂದ ಒಂದು ವರ್ಷದೊಳಗೆ ದೂರು ಹೋಗಬೇಕು. ಇದಕ್ಕೂ ಮೊದಲು ವಿಮಾ ನಿಯಂತ್ರಕರ ಬಿಮಾ ಭರೋಸಾ ಅನ್ನೋ ವೆಬ್‌ಸೈಟಿನಲ್ಲಿ, ಇಲ್ಲವೇ 155255ಕ್ಕೆ ಫೋನ್ ಮಾಡಿ ದೂರು ದಾಖಲಿಸಿದರೆ ಕಂಪನಿಯವರು ಎಚ್ಚೆತ್ತು ಕೂರುತ್ತಾರೆ.

ರಿಸರ್ವ್ ಬ್ಯಾಂಕಿನ ಓಂಬಡ್ಸ್‌ಮನ್. ದೂರು ಬ್ಯಾಂಕಿನ ಮೇಲಾದರೆ ಇದು. ಬ್ಯಾಂಕುಗಳು ಬೇರೆಯವರ ವಿಮೆ ತಪ್ಪಾಗಿ ಮಾರಿದ ದೂರನ್ನು 2017ರ ಜುಲೈನಿಂದ ಇಲ್ಲಿ ತಗೊಳ್ಳುತ್ತಿದ್ದಾರೆ. ಬ್ಯಾಂಕಿಗೆ ಬರೆದು 30 ದಿನ ಕಾಯಬೇಕು. ಸಹಾಯಕ್ಕೆ 14448. 2021ರ ಯೋಜನೆಯಲ್ಲಿ ನಷ್ಟಕ್ಕೆ 20 ಲಕ್ಷದವರೆಗೆ, ಅಲೆದಾಟ ಮತ್ತು ಮನಸ್ಸಿನ ನೋವಿಗೆ ಅಂತ ಬೇರೆಯಾಗಿ 1 ಲಕ್ಷದವರೆಗೆ ಅವಕಾಶ ಇಟ್ಟಿದ್ದರು.

ಜಿಲ್ಲಾ ಗ್ರಾಹಕರ ಆಯೋಗ. ಮೈಸೂರಿನಲ್ಲೂ ಇದೆ, ಮಂಡ್ಯದಲ್ಲೂ ಇದೆ. 2019ರ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಬ್ಯಾಂಕಿನ ಹೆಡ್ಡಾಫೀಸು ಮುಂಬೈನಲ್ಲಿದ್ದರೆ ನಿಮಗೇನು? ಕಟ್ಟಿದ ದುಡ್ಡು 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ಎರಡು ವರ್ಷದ ಗಡುವು ಇದೆ. ಇಲ್ಲಿ ತಡ ಆಗುತ್ತೆ, ಅದು ಸತ್ಯ. ಸಲಹೆಗೆ 1915. ಒಂದೇ ವಿಷಯವನ್ನು ಎರಡು ಮೂರು ಕಡೆ ಒಟ್ಟಿಗೆ ಎಳೆದಾಡಬೇಡಿ. ಗ್ರಾಹಕರ ಆಯೋಗಕ್ಕೆ ಹೋದ ಮೇಲೆ ಓಂಬಡ್ಸ್‌ಮನ್ ಬಾಗಿಲು ಮುಚ್ಚುತ್ತೆ. ಹಾಗಾಗಿ ಮೊದಲು ಓಂಬಡ್ಸ್‌ಮನ್, ಆಮೇಲೆ ಆಯೋಗ ಅನ್ನೋದು ನನ್ನ ಅಭಿಪ್ರಾಯ.

ಬ್ಯಾಂಕಿನವರ ಜೊತೆ ಮಾತುಕತೆ ನಡೀತಿದೆ ಅಂತ ಈ ಗಡುವು ಯಾವುದೂ ನಿಲ್ಲಲ್ಲ. "ಮುಂದಿನ ತಿಂಗಳು ನೋಡೋಣ ಸಾರ್" ಅಂತ ಎಂಟು ತಿಂಗಳು ದಬ್ಬಿದವರನ್ನು ನಾನು ನೋಡಿದ್ದೇನೆ. ಗೋಡೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ದುಡ್ಡಿನ ಬದಲು ಬೇರೇನೋ ಕೊಟ್ಟರೆ

ಕೆಲವು ಆಫರ್‌ಗಳಲ್ಲಿ ದುಡ್ಡೇ ಇರಲ್ಲ. "ಮುಂದಿನ ಕಂತು ಕಟ್ಟೋದು ಬೇಡ, ಕಟ್ಟಿದ್ದನ್ನೆಲ್ಲ ಸೇರಿಸಿ ಒಂದೇ ಕಂತಿನ ಪಾಲಿಸಿ ಮಾಡಿಕೊಡ್ತೀವಿ, ಐದು ವರ್ಷ ಬಿಟ್ಟು ತಗೊಳ್ಳಿ" ಅನ್ನೋದು ಇದರಲ್ಲಿ ಜಾಸ್ತಿ ಬರುವಂಥದ್ದು. ಓಂಬಡ್ಸ್‌ಮನ್ ಮುಂದೆ ಹೋದ ಕೇಸುಗಳೂ ಎಷ್ಟೋ ಸಲ ಇದೇ ಥರ ಮುಗಿಯುತ್ತವೆ. ವಯಸ್ಸು ಚಿಕ್ಕದು, ದುಡ್ಡು ಈಗ ಬೇಡ, ಪುರಾವೆ ಕಮ್ಮಿ ಅನ್ನುವವರಿಗೆ ಇದು ಕೆಟ್ಟದ್ದೇನಲ್ಲ. ಅಸಲಾದರೂ ಉಳಿಯುತ್ತೆ. ಎಪ್ಪತ್ತೆರಡರ ದೊಡ್ಡಪ್ಪನಿಗೆ ಇದನ್ನೇ ಹೇಳಿದಾಗ "ನಾನು ಐದು ವರ್ಷ ಇರ್ತೀನಿ ಅಂತ ನೀವೇ ಬರೆದುಕೊಡಿ" ಎಂದರು. ಮ್ಯಾನೇಜರ್ ನಕ್ಕುಬಿಟ್ಟರು.

"ಇನ್ನೆರಡು ಕಂತು ಕಟ್ಟಿ, ಆಮೇಲೆ ಚೆನ್ನಾಗಿ ಬರುತ್ತೆ" ಅಂದರೆ ಅದು ಪರಿಹಾರ ಅಲ್ಲವೇ ಅಲ್ಲ, ಮತ್ತೊಂದು ಮಾರಾಟ. "ಇದನ್ನು ಮುರಿದು ಹೊಸ ಪಾಲಿಸಿಗೆ ಹಾಕೋಣ" ಅಂದರೂ ಅಷ್ಟೇ. ಎದ್ದು ಬನ್ನಿ.

ಒಂದು ಎಚ್ಚರ. ನಿಮಗೆ ಮಧ್ಯೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಏನಾದರೂ ಬಂದಿದ್ದರೆ, ಇನ್ನು ಮುಂದೆ ಬೇರೆ ವಿಮೆ ಸಿಗೋದು ಕಷ್ಟ ಆಗಬಹುದು. ತಪ್ಪು ಹೇಳಿ ಮಾರಿದ್ದೇ ಆದರೂ, ನಿಮ್ಮನ್ನೇ ನಂಬಿಕೊಂಡ ಮಕ್ಕಳಿದ್ದರೆ ಆ ವಿಮೆಯನ್ನು ಕೈಬಿಡುವ ಮೊದಲು ಎರಡು ದಿನ ಯೋಚಿಸಿ.

ಹಾಗಾದರೆ ಒಪ್ಪೋದಾ, ಬಿಡೋದಾ?

ಕಟ್ಟಿದ್ದೆಲ್ಲ ವಾಪಸ್, ಜೊತೆಗೆ ಬಡ್ಡಿಯೂ ಒಂದಿಷ್ಟು ಇದೆ ಅಂದರೆ ತಗೊಂಡು ಮುಗಿಸಿ. ಉಳಿದ ಐದು ಹತ್ತು ಸಾವಿರಕ್ಕೆ ಬಿ.ಪಿ. ಏರಿಸಿಕೊಳ್ಳಬೇಡಿ. ಅಸಲು ಪೂರ್ತಿ, ಬಡ್ಡಿ ಸೊನ್ನೆ ಅಂದರೆ ಒಂದು ಸಲ ಬರವಣಿಗೆಯಲ್ಲಿ ಬಡ್ಡಿ ಕೇಳಿ. ಬಹಳ ಸಲ ಏನಾದರೂ ಸೇರಿಸ್ತಾರೆ. ಸೇರಿಸದಿದ್ದರೆ ದುಡ್ಡಿನ ಅವಸರ, ಆರೋಗ್ಯ, ನಿಮ್ಮ ಛಲ ನೋಡಿಕೊಂಡು ತೀರ್ಮಾನಿಸಿ. ಅಸಲಿಗಿಂತ ಕಮ್ಮಿ, ಪುರಾವೆ ಮಾತ್ರ ಗಟ್ಟಿ ಅಂದರೆ ಒಪ್ಪಬೇಡಿ. ಖರ್ಚಿಲ್ಲದ ಓಂಬಡ್ಸ್‌ಮನ್ ಇರುವಾಗ ಯಾಕೆ ಒಪ್ಪಬೇಕು? ಅಸಲಿಗಿಂತ ಕಮ್ಮಿ, ಪುರಾವೆಯೂ ಕಮ್ಮಿ ಅನ್ನೋದು ಕಷ್ಟದ ಜಾಗ. ಅಲ್ಲಿ ಆಫರಿನಿಂದ ಸರೆಂಡರ್ ಮೊತ್ತ ಕಳೆದು, ಉಳಿದದ್ದಕ್ಕಾಗಿ ಆರು ತಿಂಗಳು ಓಡಾಡುವ ತಾಕತ್ತು ನನಗಿದೆಯಾ ಅಂತ ನಿಮ್ಮನ್ನೇ ಕೇಳಿಕೊಳ್ಳಿ. ನೆಂಟರ ಮಾತು ಕೇಳಬೇಡಿ. ಓಡಾಡೋದು ಅವರಲ್ಲ.

ಉತ್ತರ ಬರೆಯುವಾಗ ಬೈಗುಳ, ಕಣ್ಣೀರು ಬೇಡ. ನಾವು ಬರೆದದ್ದು ಹೆಚ್ಚುಕಮ್ಮಿ ಹೀಗಿತ್ತು:

"ನಿಮ್ಮ ಪತ್ರ ತಲುಪಿದೆ. ಅದರಲ್ಲಿ ಹೇಳಿರುವ 1,95,000 ರೂಪಾಯಿಯಲ್ಲಿ 1,05,000 ರೂಪಾಯಿ ಸರೆಂಡರ್ ಮೊತ್ತವೇ ಆಗಿದೆ. ನಾನು ಕಟ್ಟಿದ್ದು 3,00,000. ಎಫ್‌ಡಿಯಲ್ಲಿ ಇದ್ದಿದ್ದರೆ ಇಂದಿಗೆ 3,36,000 ಆಗುತ್ತಿತ್ತು. ಪ್ರಪೋಸಲ್ ಫಾರಂನಲ್ಲಿ ನನ್ನ ಕಸುಬು, ಆದಾಯ ತಪ್ಪಾಗಿದೆ. ಕನ್ನಡದಲ್ಲಿ ವಿವರಿಸಿದ್ದಾಗಿ ಯಾರೂ ಸಹಿ ಮಾಡಿಲ್ಲ. ಬಾಂಡನ್ನು ನನ್ನದಲ್ಲದ ಇಮೇಲ್‌ಗೆ ಕಳಿಸಿದ್ದೀರಿ. 3,36,000 ರೂಪಾಯಿಯನ್ನು 15 ದಿನದಲ್ಲಿ ಕೊಡಬೇಕೆಂದು ಕೋರುತ್ತೇನೆ. ಇಲ್ಲವಾದರೆ ವಿಮಾ ಓಂಬಡ್ಸ್‌ಮನ್ ಮತ್ತು ರಿಸರ್ವ್ ಬ್ಯಾಂಕ್ ಓಂಬಡ್ಸ್‌ಮನ್ ಅವರಿಗೆ ದೂರು ಸಲ್ಲಿಸುತ್ತೇನೆ."

ಅರ್ಧ ಪುಟ. ಅದರ ಹಿಂದೆ ಆ ಖಾಲಿ ಜಾಗದ ಜೆರಾಕ್ಸ್. ಹನ್ನೊಂದನೇ ದಿನ ಫೋನ್ ಬಂತು, 3,00,000 ಅಂದರು. ಒಪ್ಪಲಿಲ್ಲ. ಇನ್ನೊಂದು ವಾರಕ್ಕೆ 3,20,000. ನಾನಾಗಿದ್ದರೆ ಉಳಿದ ಹದಿನಾರು ಸಾವಿರಕ್ಕೂ ಜಗ್ಗುತ್ತಿದ್ದೆ. ದೊಡ್ಡಪ್ಪ "ಸಾಕು ಬುಡು, ಕಣ್ಣಿನ ಆಪರೇಶನ್ ಅದೆ" ಎಂದರು. ದುಡ್ಡು ಅವರದು, ಕಣ್ಣೂ ಅವರದು.

ಸಹಿ ಹಾಕುವ ದಿನ

ಕಾಗದದಲ್ಲಿ "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಅನ್ನೋ ಅರ್ಥದ ಸಾಲು ಇದ್ದೇ ಇರುತ್ತೆ. ಸಹಿ ಹಾಕಿದರೆ ಈ ವಿಷಯದಲ್ಲಿ ಮತ್ತೆ ಎಲ್ಲೂ ಕೇಳುವಂತಿಲ್ಲ ಅಂತ ಅದರ ಇಂಗಿತ. ಒತ್ತಾಯ, ಮೋಸ, ಸುಳ್ಳು ಹೇಳಿ ಹಾಕಿಸಿದ ಸಹಿಯಾದರೆ ಬರೀ ಆ ಸಹಿಯಿಂದಲೇ ಗ್ರಾಹಕನ ಹಕ್ಕು ಹೋಗಲ್ಲ ಅಂತ ಸುಪ್ರೀಂ ಕೋರ್ಟ್ 1999ರಲ್ಲೇ ಹೇಳಿದೆ. ಆದರೆ ಒತ್ತಾಯ ಇತ್ತು ಅಂತ ತೋರಿಸುವ ಹೊರೆ ನಿಮ್ಮ ತಲೆ ಮೇಲೆ. ಅದನ್ನು ನಂಬಿಕೊಂಡು ಸಹಿ ಹಾಕಬೇಡಿ.

ಸಾಲಿನಲ್ಲಿ ಈ ಪಾಲಿಸಿ ನಂಬರ್ ಮಾತ್ರ ಇದೆಯಾ ನೋಡಿ. "ಬ್ಯಾಂಕಿನ ವಿರುದ್ಧದ ಎಲ್ಲ ಹಕ್ಕುಗಳನ್ನು ಬಿಟ್ಟಿದ್ದೇನೆ" ಅಂತ ಇದ್ದರೆ ಹೊಡೆದು ಹಾಕಿಸಿ. ಹೆಂಡತಿ ಹೆಸರಿನಲ್ಲಿ ಇನ್ನೊಂದು ಪಾಲಿಸಿ ಇದ್ದರೆ ಆಮೇಲೆ ಅದಕ್ಕೂ ತೊಡರಾಗುತ್ತೆ. ಮೊತ್ತ, ಯಾವ ಖಾತೆಗೆ, ಯಾವ ತಾರೀಕಿನೊಳಗೆ, ಮೂರೂ ಬರೆದಿರಬೇಕು. ದುಡ್ಡು ಬಂದ ಮೇಲೆ ದೂರು ವಾಪಸ್ ತಗೊಳ್ಳಿ, ಮೊದಲೇ ಬೇಡ. ಒರಿಜಿನಲ್ ಬಾಂಡು ಕೊಡುವ ಮುಂಚೆ ಎಲ್ಲ ಪುಟಗಳ ಜೆರಾಕ್ಸ್ ಇಟ್ಟುಕೊಳ್ಳಿ. ಎರಡು ವರ್ಷದ ಕಂತು ತುಂಬುವ ಮೊದಲೇ ಪಾಲಿಸಿ ಮುಚ್ಚುತ್ತಿದ್ದರೆ, 80ಸಿ ಅಡಿ ತೆರಿಗೆ ವಿನಾಯಿತಿ ತಗೊಂಡಿದ್ದನ್ನು ವಾಪಸ್ ಲೆಕ್ಕಕ್ಕೆ ಸೇರಿಸಬೇಕಾಗುತ್ತೆ. ಆಡಿಟರಿಗೆ ಒಂದು ಮಾತು ಹೇಳಿ.

ನಾವು ಮರೆತದ್ದು ಒಂದೇ, ಆಟೋ ಡೆಬಿಟ್. ಖಾತೆಯಿಂದ ಕಂತು ತಾನಾಗೇ ಹೋಗಲು ಕೊಟ್ಟ ಅನುಮತಿ ಬೇರೆ ಕಾಗದ. ಪಾಲಿಸಿ ಮುಚ್ಚಿದರೂ ಅದು ಹಾಗೇ ಇರಬಹುದು. ಅದನ್ನು ರದ್ದು ಮಾಡಿ ಅಂತ ಬೇರೆಯಾಗಿ ಬರೆದುಕೊಟ್ಟು ಸೀಲು ಹಾಕಿಸಿಕೊಳ್ಳಬೇಕು. ಮೇ ಕೊನೆಯಲ್ಲಿ 3,20,000 ಬಂತು. ದೊಡ್ಡಪ್ಪ ಮದ್ದೂರು ವಡೆ ಕಟ್ಟಿಸಿಕೊಂಡು ಮೈಸೂರಿಗೇ ಬಂದರು. ಜೂನ್ ಎರಡನೇ ವಾರ ಮತ್ತೆ ಫೋನ್: "ಇನ್ನೊಂದು ಲಕ್ಷ ಕಟ್ಟಾಗದಲ್ಲೋ!" ಮಾರನೆಯ ದಿನ ಅದೇ ಬ್ಯಾಂಕು, ಅದೇ ಮೇಜು, ಕೂತಿದ್ದವನು ಮಾತ್ರ ಬೇರೆ ಹುಡುಗ. ದುಡ್ಡು ಒಂಬತ್ತು ದಿನಕ್ಕೆ ವಾಪಸ್ ಬಂತು.